ಚೌಕ ಆವರಣದಲ್ಲಿ ಊರು ಹಿಡಿಸುವುದಿಲ್ಲ

‘ಸರ್, ರೆಜೆಕ್ಸ್ ಕೆಲಸ ಮಾಡುತ್ತಿಲ್ಲ’ ಎಂದು ಫೋನ್ ಬಂದರೆ ಕಡತ ತೆರೆಯುವ ಮೊದಲೇ ನಾನು ಕೇಳುವುದು ಒಂದೇ ಪ್ರಶ್ನೆ: ‘ಚೌಕ ಆವರಣದೊಳಗೆ ಏನು ಹಾಕಿದ್ದೀಯ ತಮ್ಮಾ?’ ರೆಜೆಕ್ಸ್ ಎಂದರೆ ಕಡತದಲ್ಲಿ ಎಂಥ ಪಠ್ಯ ಹುಡುಕಬೇಕು ಎಂದು ಯಂತ್ರಕ್ಕೆ ಚಿಹ್ನೆಗಳಲ್ಲಿ ಬರೆದುಕೊಡುವ ಮಾದರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದ ಸಕ್ಕರೆ ಕಾರ್ಖಾನೆ, ಸೊಸೈಟಿ, ಒಣದ್ರಾಕ್ಷಿ ವ್ಯಾಪಾರಿಗಳ ಲೆಕ್ಕದ ಕಡತಗಳನ್ನು ಶುದ್ಧ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಬರುವ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಆ ಆವರಣದೊಳಗೇ ಇರುತ್ತದೆ.

ನಕ್ಷತ್ರ, ಚುಕ್ಕಿ, ಪ್ಲಸ್ ಚಿಹ್ನೆಗಳ ಅರ್ಥ ನಿಮಗೆ ಗೊತ್ತಿದೆ ಎಂದುಕೊಂಡೇ ಮುಂದುವರಿಯುತ್ತೇನೆ. ಗೊತ್ತಿಲ್ಲದಿದ್ದರೂ ಅವು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಕ್ಯಾರೆಕ್ಟರ್ ಕ್ಲಾಸ್ ಎನ್ನುವ ಈ ಚೌಕ ಆವರಣ. ಅದು ಬಸ್ಸಿನ ಒಂಟಿ ಸೀಟು. ಯಾರು ಯಾರು ಕೂರಬಹುದು ಎಂಬ ಪಟ್ಟಿ ಎಷ್ಟು ಉದ್ದವಾದರೂ ಇರಲಿ, ಕೂರುವವರು ಒಬ್ಬರೇ. [ಇಂಡಿ|ಅಥಣಿ] ಎಂದು ಬರೆದು ಇಂಡಿ ಅಥವಾ ಅಥಣಿ ಸಿಗುತ್ತದೆ ಎಂದು ಕಾಯುವವರಿಗೆ ಸಿಗುವುದು ಆ ಪಟ್ಟಿಯ ಯಾವುದೋ ಒಂದು ಚಿಹ್ನೆ. ನಡುವಿನ ಆ ನೆಟ್ಟಗೆರೆಯೂ ಅಲ್ಲಿ ಒಬ್ಬ ಪ್ರಯಾಣಿಕ; ‘ಅಥವಾ’ ಎಂಬ ಅದರ ಅರ್ಥ ಆವರಣದೊಳಗೆ ಸತ್ತುಹೋಗಿರುತ್ತದೆ. ಎರಡು ಪದಗಳಲ್ಲಿ ಒಂದು ಬೇಕಿದ್ದರೆ ದುಂಡು ಆವರಣ ಬಳಸಿ: (ಇಂಡಿ|ಅಥಣಿ). ಇಷ್ಟೇ ವಿಷಯ. ಇಷ್ಟನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಅಂಕಿಗಳಲ್ಲಿ ಈ ತಪ್ಪು ಇನ್ನೂ ನಯವಾಗಿ ನುಸುಳುತ್ತದೆ. ಒಂದು ಕಾರ್ಖಾನೆಯ ತೂಕದ ಕಾಟಾದಲ್ಲಿ ಕಬ್ಬಿನ ಗಾಡಿಗಳ ನೋಂದಣಿ ಸಂಖ್ಯೆ ನೋಡಿ, ಈ ಮೂರು ಜಿಲ್ಲೆಗಳ ಗಾಡಿಗಳನ್ನು ಬೇರೆ ಮಾಡಬೇಕಿತ್ತು. ಬೆಳಗಾವಿ 22, ಚಿಕ್ಕೋಡಿ 23, ಬೈಲಹೊಂಗಲ 24, ವಿಜಯಪುರ 28, ಬಾಗಲಕೋಟೆ 29. ಅಲ್ಲಿನ ಹುಡುಗ ‘ಕೆಎ’ ಮುಂದೆ [22-29] ಎಂದು ಬರೆದು ನಿಶ್ಚಿಂತನಾಗಿದ್ದ. ನಡುವೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಂಖ್ಯೆಗಳಿವೆ ಎನ್ನುವುದು ಬೇರೆ ಮಾತು. ಯಂತ್ರ ಅದನ್ನು ಇಪ್ಪತ್ತೆರಡರಿಂದ ಇಪ್ಪತ್ತೊಂಬತ್ತು ಎಂದು ಓದುವುದೇ ಇಲ್ಲ. ಅದು ಓದುವುದು ಹೀಗೆ: 2, ಆಮೇಲೆ 2ರಿಂದ 2ರವರೆಗೆ, ಆಮೇಲೆ 9. ಅಂದರೆ 2 ಅಥವಾ 9, ಅದೂ ಒಂದೇ ಒಂದು ಅಂಕಿ. 28ರ ಗಾಡಿ ಬಂದಾಗ 2 ಕಂಡೊಡನೆ ‘ಸರಿ’ ಎಂದುಬಿಡುತ್ತದೆ. ನಂತರದ 8ನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಉಡುಪಿಯ 20 ಬಂದರೂ ಸರಿಯೇ. ಉಡುಪಿಯಿಂದ ಇಲ್ಲಿಗೆ ಕಬ್ಬು ಬರುವುದಿಲ್ಲವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ಜಮಖಂಡಿಯ 48, ಗೋಕಾಕದ 49ರ ಟ್ರ್ಯಾಕ್ಟರುಗಳು ಹೊರಗುಳಿದಾಗ ಬಣ್ಣ ಬಯಲಾಯಿತು. ಹುಡುಗ [28-49] ಎಂದು ತಿದ್ದಿದ. ಈ ಸಲ ಯಂತ್ರವೇ ರೇಗಿತು: ವ್ಯಾಪ್ತಿ ಹಿಂದುಮುಂದಾಗಿದೆ ಎಂದು. ‘28ಕ್ಕಿಂತ 49 ದೊಡ್ಡದಲ್ಲವೇ ಸರ್?’ ದೊಡ್ಡದೇ ತಮ್ಮಾ. ಆದರೆ ಯಂತ್ರ ಕಂಡದ್ದು 2, ನಂತರ 8ರಿಂದ 4ರವರೆಗೆ, ನಂತರ 9. ಎಂಟರಿಂದ ನಾಲ್ಕಕ್ಕೆ ಎಣಿಸಲು ಅದಕ್ಕೆ ಬರುವುದಿಲ್ಲ. ಕೊನೆಗೆ (22|23|24|28|29|48|49) ಎಂದು ಬಿಡಿಸಿ ಬರೆಸಿದೆ. 2[2-489] ಎಂದು ಕುಗ್ಗಿಸುವ ಜಾಣರಿದ್ದಾರೆ; ಅದೂ 22, 23, 24, 28, 29 ಅನ್ನೇ ಹಿಡಿಯುತ್ತದೆ. ಆದರೆ ಮುಂದಿನ ವರ್ಷ ಅದನ್ನು ಓದುವವನ ಗತಿ ನೆನೆದು ನಾನು ಉದ್ದದ ದಾರಿಯನ್ನೇ ಹಿಡಿಯುತ್ತೇನೆ.

ಕನ್ನಡಕ್ಕೆ ಬಂದರೆ ಇದೇ ತಪ್ಪು ಮನುಷ್ಯರ ಹೆಸರನ್ನೇ ತಿನ್ನುತ್ತದೆ. ಸಹಕಾರಿ ಸಂಘವೊಂದರ ಸದಸ್ಯರ ಪಟ್ಟಿಯಲ್ಲಿ ಹೆಸರಿನ ಹಿಂದಿನ ‘ಶ್ರೀ’ ತೆಗೆಯಬೇಕಿತ್ತು. ಅದನ್ನು ಮಾಡಿದಾತ [ಶ್ರೀ] ಎಂದು ಬರೆದು, ಸಿಕ್ಕಿದ್ದನ್ನೆಲ್ಲ ಅಳಿಸಲು ಹೇಳಿದ್ದ. ಕಣ್ಣಿಗೆ ಅದು ಒಂದೇ ಅಕ್ಷರ. ಯಂತ್ರಗಳು ಅಕ್ಷರಗಳನ್ನು ಗುರುತಿಸುವ ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಅದು ಶ, ಹಲಂತದ ಗುರುತು, ರ, ದೀರ್ಘದ ಗುರುತು ಎಂಬ ನಾಲ್ಕು ಬಿಡಿ ಸಂಕೇತಗಳು. ನಾಲ್ಕೂ ಪಟ್ಟಿಯ ಉದ್ದಕ್ಕೂ ಮಾಯವಾದವು. ಪರಮೇಶ್ವರ ‘ಪಮೇವ’ ಆದ, ಈರವ್ವ ‘ಈವವ’ ಆದಳು. ಶ್ರೀಶೈಲ ಎಂಬ ಹೆಸರಿನವರ ಪಾಲಿಗೆ ಉಳಿದದ್ದು ಚುಕ್ಕಿಗಳ ಬಳೆಗೆ ಅಂಟಿದ ಐತ್ವ ಮತ್ತು ಒಂದು ಲ. ಈ ಹೆಸರುಗಳ ಚೀಟಿ ಅಚ್ಚಾಗಿ ಹಂಚಿಯೂ ಆಗಿತ್ತು. ಈರವ್ವನ ಮಗ ಚೀಟಿ ಹಿಡಿದು ಬಂದು, ‘ನಮ್ಮ ಅವ್ವನ ಹೆಸರನ್ನು ಹೀಗೇಕೆ ಮಾಡಿದಿರಿ’ ಎಂದು ಸಿಟ್ಟಿಲ್ಲದೆ ಕೇಳಿದರಂತೆ. ಸಿಟ್ಟು ನನಗೆ ಬಂತು.

ದುಂಡು ಆವರಣ ಹಾಕಿದರೂ ಇಲ್ಲಿ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಶ್ರೀಶೈಲ ಆಗ ಶೈಲ ಆಗುತ್ತಾನೆ. ಸಾಲಿನ ಆರಂಭದಲ್ಲಿ ‘ಶ್ರೀ’, ಅದರ ಬೆನ್ನಿಗೇ ಒಂದು ಖಾಲಿ ಜಾಗ, ಇಷ್ಟು ಷರತ್ತು ಹಾಕಿದರೆ ಸಾಮಾನ್ಯವಾಗಿ ಸಾಕು. ‘ಸಾಮಾನ್ಯವಾಗಿ’ ಎಂದೆ, ಗಮನಿಸಿ. ಜಾಗ ಬಿಡದೆ ಟೈಪ್ ಮಾಡಿದ ಹೆಸರುಗಳನ್ನು ಕಣ್ಣಿನಿಂದಲೇ ನೋಡಬೇಕು.

[ಅ-ಹ] ಎಂದರೆ ಕನ್ನಡವೆಲ್ಲ ಬಂತು ಎಂಬ ನಂಬಿಕೆಯೂ ಉಂಟು. ಅದನ್ನು ‘ಬಸವ’ ಎಂದು ಕೊಟ್ಟು ಪರೀಕ್ಷಿಸುತ್ತಾರೆ, ಪಾಸಾಗುತ್ತದೆ. ‘ಗದಗ’ವೂ ಪಾಸು. ‘ಬಸವರಾಜ’ ಎಂದೊಡನೆ ಬೀಳುತ್ತದೆ. ಗುಣಿತದ ಗುರುತುಗಳೆಲ್ಲ ಯೂನಿಕೋಡ್ ಪಟ್ಟಿಯಲ್ಲಿ ಹ ಆದ ಮೇಲೆ ಬರುತ್ತವೆ, ಅನುಸ್ವಾರ ಅ ಗಿಂತ ಮುಂಚೆಯೇ ಇದೆ. ಬಸವ, ಗದಗ ಎರಡರಲ್ಲೂ ಗುಣಿತವೂ ಇಲ್ಲ, ಒತ್ತೂ ಇಲ್ಲ. ಪರೀಕ್ಷೆಗೆ ಇವಕ್ಕಿಂತ ಕೆಟ್ಟ ಪದಗಳಿಲ್ಲ. ನಾನು ಕೊಡುವುದು ಕಿತ್ತೂರು ಮತ್ತು ಇಂಡಿ. ಕಿತ್ತೂರು ನೋಡಲು ಮೂರಕ್ಷರ, ಒಳಗೆ ಎಂಟು ಸಂಕೇತ. ಗುಡಿಸು, ಒತ್ತು, ಕೊಂಬು ಮೂರೂ ಅದರಲ್ಲಿವೆ; ಅನುಸ್ವಾರಕ್ಕೆ ಇಂಡಿ ಇದೆ.

ಪ್ರೋಗ್ರಾಂ ಬರೆಯಲು ಪರ್ಲ್ ಭಾಷೆ, ಅಥವಾ ಯು ಧ್ವಜ (ರೆಜೆಕ್ಸ್ ಕೊನೆಗೆ ಸೇರಿಸುವ u ಅಕ್ಷರ) ಹಚ್ಚಿದ ಜಾವಾಸ್ಕ್ರಿಪ್ಟ್ ಬಳಸುವವರು ಕನ್ನಡ ಲಿಪಿ ಎಂದು ಹೆಸರು ಹಿಡಿದೇ ಕೇಳಬಹುದು. ಪೈಥಾನ್ ಎಂಬ ಇನ್ನೊಂದು ಭಾಷೆಯ ಜೊತೆಗೆ ಬರುವ ರೆಜೆಕ್ಸ್‌ನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸಂಕೇತಗಳ ವ್ಯಾಪ್ತಿ ಕೊಡಿ. ಎರಡು ದಾರಿಯಲ್ಲೂ 200ಸಿ, 200ಡಿ ಎಂಬ ಕಾಣದ ಸಂಕೇತಗಳನ್ನು ಕೈಯಾರೆ ಸೇರಿಸಬೇಕು. ‘ರಾಜ್‌ಕುಮಾರ’ ಎಂದು ಬಿಡಿಸಿ ಬರೆದಲ್ಲಿ ನಡುವೆ ಅಡಗಿ ಕುಳಿತಿರುವುದು ಅವುಗಳಲ್ಲಿ ಮೊದಲನೆಯದು, ಅದು ಕನ್ನಡದ ವ್ಯಾಪ್ತಿಯಿಂದ ಹೊರಗಿದೆ.

ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ, ಅಂದರೆ ‘ಪದದ ಯಾವುದಾದರೂ ಒಂದು ಅಕ್ಷರ’ ಎಂಬ ಚಿಹ್ನೆ, ಬರೆದು ಕೈತೊಳೆದುಕೊಳ್ಳುವವರಿಗೂ ಒಂದು ಮಾತು. ಜಾವಾಸ್ಕ್ರಿಪ್ಟ್‌ನಲ್ಲಿ ಅದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ, ಕನ್ನಡಕ್ಕೆ ಕುರುಡು. ಪೈಥಾನ್ 3ರಲ್ಲಿ ಅರೆಗುರುಡು: ವ್ಯಂಜನ ಕಾಣುತ್ತದೆ, ಗುಣಿತ ಕಾಣುವುದಿಲ್ಲ. ‘ಬೆಳಗಾವಿ’ ಕೊಟ್ಟರೆ ಬ, ಳಗ, ವ ಎಂದು ಮೂರು ತುಂಡು ಮಾಡಿಕೊಡುತ್ತದೆ. ಪದದ ಅಂಚು ಹುಡುಕುವ ಬ್ಯಾಕ್‌ಸ್ಲ್ಯಾಷ್ ಬಿ ಕೂಡ ಇದನ್ನೇ ನೆಚ್ಚಿಕೊಂಡಿರುವುದರಿಂದ, ಪೈಥಾನ್‌ನಲ್ಲಿ ಅದಕ್ಕೆ ಬೆಳಗಾವಿಯ ಹೊಟ್ಟೆಯೊಳಗೇ ಅಂಚುಗಳು ಕಾಣುತ್ತವೆ. ಕನ್ನಡ ಪದಗಳನ್ನು ಬೇರ್ಪಡಿಸುವಾಗ ಅದನ್ನು ಬಿಟ್ಟು ಖಾಲಿ ಜಾಗ ಮತ್ತು ಅಲ್ಪವಿರಾಮಗಳನ್ನೇ ಹುಡುಕಿ.