‘ನಾವು ಸಹಿ ಹಾಕದಿದ್ದರೆ ತೋಟದ ಮೇಲೆ ಲೈನ್ ಎಳೆಯೋಕಾಗಲ್ಲ, ಅಲ್ವಾ?’

ಪ್ರಶ್ನೆ: ಉಡುಪಿ–ಕಾಸರಗೋಡು 400 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನ್ ನಮ್ಮ ಅಡಿಕೆ ತೋಟದ ಮೇಲೆ ಹೋಗುತ್ತದಂತೆ. ಮನೆಯಲ್ಲಿ ಯಾರೂ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಪಂಚಾಯತಿಯಲ್ಲಿ ವಿರೋಧದ ನಿರ್ಣಯ ಆಗಿದೆ. ನಮ್ಮ ಒಪ್ಪಿಗೆ ಇಲ್ಲದೆ ಅವರು ತೋಟಕ್ಕೆ ಕಾಲಿಡುವ ಹಾಗಿಲ್ಲ ಅಲ್ಲವೇ?

ಉತ್ತರ: ಇಡಬಹುದು. ಲೈನನ್ನೂ ಎಳೆಯಬಹುದು. ಉಡುಪಿ ಜಿಲ್ಲೆಯ ಇನ್ನಾದಿಂದ ಹಿಡಿದು ದಕ್ಷಿಣ ಕನ್ನಡದ ವಿಟ್ಲದವರೆಗೆ ಎಲ್ಲ ಕಡೆಯಿಂದ ಬರುವ ಪ್ರಶ್ನೆ ಇದೇ. ಉತ್ತರ ಎಷ್ಟು ಸಲ ಬರೆದರೂ ‘ಸಹಿ ಹಾಕದಿದ್ದರೆ ಆಯಿತು’ ಎಂಬ ನಂಬಿಕೆ ಊರಿಂದ ಊರಿಗೆ ಹೋಗುತ್ತಲೇ ಇದೆ. ಈ ನಂಬಿಕೆಯಿಂದಲೇ ಜನ ಸುಮ್ಮನೆ ಕೂತು, ಆಕ್ಷೇಪಣೆಗೆ ಇದ್ದ ದಿನಗಳನ್ನು ಕಳೆದುಕೊಳ್ಳುತ್ತಾರೆ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಈ ನಂಬಿಕೆ ಹುಟ್ಟಿದ್ದು ಬೇರೆ ಬೇರೆ ಕಾನೂನುಗಳು ಕಲಸಿಹೋಗಿದ್ದರಿಂದ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗೆ ಜಮೀನು ವಶಪಡಿಸಿಕೊಡಬೇಕಾದರೆ ಶೇ. 80ರಷ್ಟು ಕುಟುಂಬಗಳ ಒಪ್ಪಿಗೆ ಬೇಕು ಎಂದಿದೆ. ಆದರೆ ಲೈನ್ ಎಳೆಯುವವರು ನಿಮ್ಮ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವುದೇ ಇಲ್ಲ. ಪಹಣಿಯಲ್ಲಿ ನಿಮ್ಮ ಹೆಸರೇ ಉಳಿಯುತ್ತದೆ, ಅವರು ಪಡೆಯುವುದು ಬಳಕೆಯ ಹಕ್ಕು ಮಾತ್ರ. ಸ್ವಾಧೀನವೇ ಇಲ್ಲದ ಕಡೆ ಆ ಒಪ್ಪಿಗೆಯ ಮಾತು ಬರುವುದಿಲ್ಲ. ಇನ್ನು ಕೆಲವರು ‘ಸಾರ್ವಜನಿಕ ಅಹವಾಲು ಸಭೆ ನಡೆಸಿಲ್ಲ, ಹಾಗಾಗಿ ಇದು ಅಕ್ರಮ’ ಎನ್ನುತ್ತಾರೆ. ಅಂಥ ಸಭೆ ಕಡ್ಡಾಯವಾಗುವುದು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿರುವ ಯೋಜನೆಗಳಿಗೆ. ಗಣಿ, ಅಣೆಕಟ್ಟು, ಉಷ್ಣ ಸ್ಥಾವರ ಆ ಪಟ್ಟಿಯಲ್ಲಿವೆ, ವಿದ್ಯುತ್ ಪ್ರಸರಣ ಮಾರ್ಗ ಇಲ್ಲ. ಇದು ದೊಡ್ಡ ಕೊರತೆ ಎಂಬುದನ್ನು ಒಪ್ಪುತ್ತೇನೆ. ಆದರೂ ಇಂದಿನ ಕಾನೂನು ಅದೇ. ಪಂಚಾಯತಿ ನಿರ್ಣಯ ದಾಖಲೆಯಾಗಿ ಬೆಲೆಯುಳ್ಳದ್ದು. ಅದೊಂದರಿಂದಲೇ ಕೆಲಸ ನಿಲ್ಲುವುದಿಲ್ಲ.

ಹಾಗಾದರೆ ಅವರ ಕೈಯಲ್ಲಿರುವ ಅಧಿಕಾರ ಯಾವುದು? ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 164. ಈ ಸೆಕ್ಷನ್ನಿನಡಿ ಸರಕಾರ ಆದೇಶ ಹೊರಡಿಸಿದರೆ, ಲೈನ್ ಹಾಕುವ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಗುತ್ತದೆ. ಬ್ರಿಟಿಷರು ತಂತಿ ಟಪಾಲಿಗೆಂದು ಮಾಡಿದ್ದ ಆ ಕಾಯ್ದೆಯ ಸೆಕ್ಷನ್ 10, ಯಾರ ಜಮೀನಿನ ಮೇಲಾದರೂ ತಂತಿ ಎಳೆಯಲು, ಕಂಬ ನೆಡಲು ಬಿಡುತ್ತದೆ. ಮಾಲೀಕರ ಒಪ್ಪಿಗೆ ಎಂಬ ಮಾತು ಅದರಲ್ಲಿ ಇಲ್ಲ. ಯಾರಾದರೂ ತಡೆದರೆ ಸೆಕ್ಷನ್ 16ರಡಿ ಜಿಲ್ಲಾಧಿಕಾರಿ ಕೆಲಸಕ್ಕೆ ಅವಕಾಶ ಕೊಟ್ಟು ಆದೇಶ ಮಾಡಬಹುದು, ಆಮೇಲೂ ತಡೆದರೆ ಅದು ಅಪರಾಧ. ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು: 164ರ ಅಧಿಕಾರ ಇದ್ದವರಿಗೆ ಮಾಲೀಕರ ಒಪ್ಪಿಗೆ ಬೇಕಿಲ್ಲ.

‘ಆದರೆ ವಿದ್ಯುತ್ ಪರವಾನಗಿದಾರರ ಕಾಮಗಾರಿಯ 2006ರ ನಿಯಮದಲ್ಲಿ ಒಪ್ಪಿಗೆ ಬೇಕು ಅಂತ ಇದೆಯಲ್ಲ’ ಎಂದು ವಾಟ್ಸಾಪಿನಲ್ಲಿ ಓಡಾಡುವ ಸಂದೇಶ ಅರ್ಧ ಸತ್ಯ. ಆ ನಿಯಮ ಅನ್ವಯವಾಗುವುದು 164ರ ಆದೇಶ ಇಲ್ಲದವರಿಗೆ. ಅಲ್ಲಿಯೂ ಮಾಲೀಕ ಒಪ್ಪದಿದ್ದರೆ ಜಿಲ್ಲಾಧಿಕಾರಿಯಿಂದ ಲಿಖಿತ ಅನುಮತಿ ಪಡೆಯುವ ದಾರಿ ಇಟ್ಟಿದ್ದಾರೆ. ಆದ್ದರಿಂದ ಸರ್ವೆಯವರು ಬಂದ ದಿನ ಕೇಳಬೇಕಾದ ಮೊದಲ ಕಾಗದ ಅದೇ 164ರ ಆದೇಶದ ಪ್ರತಿ. ಬಾಯಿಮಾತಿಗೆ ಒಪ್ಪಬೇಡಿ. ಪ್ರತಿಯಲ್ಲಿ ನಿಮ್ಮ ಗ್ರಾಮದ ಹೆಸರು ಇದೆಯೇ ನೋಡಿ.

ಸಹಿಗೆ ತಡೆಯುವ ಶಕ್ತಿ ಇಲ್ಲ ಎಂದರೆ ವಿರೋಧ ವ್ಯರ್ಥ ಎಂದಲ್ಲ. ವಿರೋಧಕ್ಕೆ ಬೆಲೆ ಬರುವುದು ಮಾರ್ಗ ಇನ್ನೂ ನಕ್ಷೆಯ ಮೇಲೆ ಇರುವಾಗ. ಮೈಸೂರು–ಕೋಯಿಕ್ಕೋಡ್ 400 ಕೆವಿ ಲೈನಿಗೆ ಕೊಡಗಿನಲ್ಲಿ ಬಲವಾದ ಪ್ರತಿಭಟನೆ ನಡೆಯಿತು. ಆದರೂ 2015ರಲ್ಲಿ ಕಾಫಿ ತೋಟಗಳ ನೆರಳಿನ ಮರಗಳು ಸಾವಿರಾರು ಸಂಖ್ಯೆಯಲ್ಲಿ ಉರುಳಿದವು. ಧಾರವಾಡದ ಹತ್ತಿರದ ನರೇಂದ್ರದಿಂದ ಗೋವಾಕ್ಕೆ ಹೋಗುವ 400 ಕೆವಿ ಲೈನಿನ ಕಥೆ ಬೇರೆಯಾಯಿತು. ಮೊಲ್ಲೆಂ ಕಾಡಿನಲ್ಲಿ ಹೊಸದಾಗಿ ದಾರಿ ಕಡಿಯುವ ಬದಲು ಈಗಾಗಲೇ ಇರುವ 220 ಕೆವಿ ಲೈನಿನ ದಾರಿಯಲ್ಲೇ ಒಯ್ಯಿರಿ ಎಂದು ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ‘ಬೇಡ’ ಎಂಬ ಮಾತಿನ ಜೊತೆಗೆ ‘ಇಗೋ, ಇಲ್ಲಿ ಒಯ್ಯಬಹುದು’ ಎಂಬ ದಾರಿಯೂ ಇತ್ತು. ನಿಮ್ಮ ಆಕ್ಷೇಪಣೆಯಲ್ಲಿಯೂ ಅದು ಇರಲಿ. ಊರಿನ ಅಂದ ಕೆಡುತ್ತದೆ ಎಂಬುದು ನೂರಕ್ಕೆ ನೂರು ನಿಜ, ಆದರೆ ಈ ಕಾನೂನಿನಲ್ಲಿ ಅಂದಕ್ಕೆ ಕಾಲಂ ಇಲ್ಲ. ನಾಗಬನ, ಶಾಲೆ, ಕುಡಿಯುವ ನೀರಿನ ಬಾವಿ, ಮಳೆಗೆ ಜರಿದ ಗುಡ್ಡ, ಇವನ್ನು ಸರ್ವೆ ನಂಬರಿನ ಸಮೇತ ಬರೆಯಿರಿ. 164ರ ಅಧಿಕಾರ ಕೇಳುವ ಮುನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಎರಡು ತಿಂಗಳು ಆಕ್ಷೇಪಣೆ ಕರೆಯುತ್ತಾರೆ. ಆ ಪ್ರಕಟಣೆಯಲ್ಲಿ ಗ್ರಾಮಗಳ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಬಹಳ ಮಂದಿ ತಪ್ಪಿಸಿಕೊಳ್ಳುವುದು ಅಲ್ಲೇ.

ಮಾರ್ಗ ಗಟ್ಟಿಯಾದ ಮೇಲೂ ಕೇಳಬಹುದಾದದ್ದಿದೆ. ಎರಡು ಟವರುಗಳ ನಡುವೆ ಸಾಮಾನ್ಯವಾಗಿ 400 ಮೀಟರ್. ಲೈನಿನ ನೇರದಲ್ಲೇ ಟವರನ್ನು 20–30 ಮೀಟರ್ ಹಿಂದೆ ಮುಂದೆ ಸರಿಸಿ ತೋಟದ ನಡುವಿನಿಂದ ಅಂಚಿಗೆ ತರುವುದು ಅವರಿಗೆ ಅಷ್ಟು ಕಷ್ಟವಲ್ಲ. ಪಕ್ಕಕ್ಕೆ ಸರಿಸಿ ಎಂದರೆ ಲೈನ್ ತಿರುಗಬೇಕು, ತಿರುವಿಗೆ ಭಾರದ, ದುಬಾರಿ ಟವರ್ ಬೇಕು. ಅದಕ್ಕೇ ಆ ಮನವಿ ಬೇಗ ಬಿದ್ದುಹೋಗುತ್ತದೆ. ಇನ್ನೊಂದು ಬೇಡಿಕೆ ಎತ್ತರದ್ದು. 400 ಕೆವಿ ತಂತಿ ಅತಿ ಹೆಚ್ಚು ಜೋತುಬಿದ್ದಾಗಲೂ ನೆಲದಿಂದ 8.84 ಮೀಟರ್ ಮೇಲಿರಬೇಕು, ಮರದ ತುದಿಯಿಂದ 5.5 ಮೀಟರ್ ದೂರ ಇರಬೇಕು. ನಿಮ್ಮ ಅಡಿಕೆ ಮರ 18 ಮೀಟರ್ ಇದ್ದರೆ ತಂತಿ 23.5 ಮೀಟರಿನಲ್ಲಿರಬೇಕು, ಅಂದರೆ ಮಾಮೂಲಿಗಿಂತ ಸುಮಾರು 15 ಮೀಟರ್ ಹೆಚ್ಚು. ಟವರಿನ ಬುಡಕ್ಕೆ ಜೋಡಣೆ ಕೊಟ್ಟು ಎತ್ತರಿಸುವುದು ಕಾಡಿನಲ್ಲಿ ರೂಢಿಯಲ್ಲಿದೆ. ಖರ್ಚು ಹೆಚ್ಚೆಂದು ತೋಟದಲ್ಲಿ ತಾವಾಗಿ ಮಾಡುವುದಿಲ್ಲ. ಕೇಳಬೇಕು, ಲಿಖಿತವಾಗಿ ಕೇಳಬೇಕು.

‘ನೆಲದಡಿ ಕೇಬಲ್ ಹಾಕಲಿ, ತ್ರಿಶೂರಿನಲ್ಲಿ ಹಾಕಿಲ್ಲವೇ?’ ಎನ್ನುತ್ತೀರಿ. ಹಾಕಿದ್ದಾರೆ, ಪುಗಳೂರು–ತ್ರಿಶೂರ್ ಲೈನಿನಲ್ಲಿ ಸುಮಾರು 27 ಕಿ.ಮೀ. ಆದರೆ ಅದು ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ತಿನ ಲೈನ್, ನಿಮ್ಮಲ್ಲಿ ಬರುವುದು ಎಸಿ (ದಿಕ್ಕು ಬದಲಿಸುತ್ತ ಹರಿಯುವ) ಲೈನ್. ಎಸಿ ಕೇಬಲನ್ನು ಹೂತಾಗ ಕೇಬಲ್ಲೇ ಕೆಪಾಸಿಟರಿನಂತೆ ವರ್ತಿಸಿ, ತನ್ನನ್ನು ಚಾರ್ಜ್ ಮಾಡಿಕೊಳ್ಳಲೆಂದೇ ವಿದ್ಯುತ್ ಎಳೆಯುತ್ತದೆ, ಉದ್ದ ಹೆಚ್ಚಿದಷ್ಟೂ ಈ ಹೊರೆ ಹೆಚ್ಚುತ್ತದೆ. ನಿಮ್ಮ ಲೈನಿನ 115 ಕಿ.ಮೀ. ಉದ್ದಕ್ಕೂ ಹೀಗೆ ಹೂಳಿದರೆ ಕೇಬಲಿನ ಸಾಮರ್ಥ್ಯವೆಲ್ಲ ಅದಕ್ಕೇ ಹೋದೀತು. ಇಡೀ ಲೈನಿಗೆ ಕೇಳಿದರೆ ಆಗದು ಎಂಬ ಉತ್ತರ ಸಿದ್ಧವಿರುತ್ತದೆ. ಮನೆಗಳು ಒತ್ತಾಗಿರುವ ಒಂದೆರಡು ಕಿ.ಮೀ.ಗೆ ಕೇಳುವುದು ನ್ಯಾಯ.

ಇನ್ನು ಮಹಜರು. ಸಹಿ ಹಾಕುವುದಿಲ್ಲ ಎಂಬ ಹಟ ಅತಿ ಹೆಚ್ಚು ನಷ್ಟ ತರುವುದು ಇಲ್ಲಿ. ಮರ ಎಣಿಸಲು ಬಂದಾಗ ನೀವು ಒಳಗೆ ಕೂತರೆ ಅವರು ಬರೆದ ಸಂಖ್ಯೆಯೇ ಉಳಿಯುತ್ತದೆ. ಲೈನಿಗೆಂದು ತಂತಿಯಡಿ ಬಿಡಬೇಕಾದ 46 ಮೀಟರ್ ಅಗಲದ ಪಟ್ಟಿ ನಿಮ್ಮ ತೋಟವನ್ನು 150 ಮೀಟರ್ ಉದ್ದಕ್ಕೆ ದಾಟಿದರೆ ಒಂದು ಎಕರೆ 28 ಗುಂಟೆ. 2.7 ಮೀಟರ್ ಅಂತರದ ನೆಡುತೋಪಾದರೆ ಹೆಚ್ಚುಕಡಿಮೆ 950 ಅಡಿಕೆ ಮರ. ಅವಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಬೇರೆ, ನಡುವಿನ ಕೊಕ್ಕೋ, ಬಾಳೆ ಬೇರೆ. ಒಂದೊಂದು ಮರಕ್ಕೂ ಬಣ್ಣದಲ್ಲಿ ನಂಬರ್ ಹಾಕಿ, ಬುಡ ಮತ್ತು ಬಳ್ಳಿ ಎರಡೂ ಕಾಣುವಂತೆ ಫೋಟೊ ತೆಗೆಯಿರಿ. ಪಹಣಿಯ ಬೆಳೆ ಕಾಲಂನಲ್ಲಿ ಅಡಿಕೆ ಎಂದು ಇದೆಯೇ ನೋಡಿ. ಹಳೆಯ ಗದ್ದೆ ತೋಟವಾಗಿದ್ದಲ್ಲಿ ಇನ್ನೂ ಭತ್ತ ಎಂದೇ ಉಳಿದಿರುತ್ತದೆ. ಮಹಜರಿಗೆ ‘ಮಾರ್ಗಕ್ಕೆ ನನ್ನ ಆಕ್ಷೇಪಣೆ ಕಾಯ್ದಿರಿಸಿ, ಮರಗಳ ಎಣಿಕೆಗೆ ಮಾತ್ರ’ ಎಂದು ಬರೆದು ಸಹಿ ಹಾಕಿ, ಪ್ರತಿ ಪಡೆಯಿರಿ. ಚೆಕ್ ತೆಗೆದುಕೊಳ್ಳುವಾಗಲೂ ಹಾಗೆಯೇ.

ಮರ, ಬೆಳೆಯ ಪರಿಹಾರದ ಜೊತೆಗೆ ಜಮೀನಿನ ಬೆಲೆ ಕುಸಿತಕ್ಕೂ ಪರಿಹಾರ ಇದೆ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ಬುಡಕ್ಕೆ ಜಮೀನು ಬೆಲೆಯ ಶೇ. 200, ತಂತಿಯಡಿಯ ಪಟ್ಟಿಗೆ ಶೇ. 30. ಹಿಂದಿನ 2015ರದ್ದರಲ್ಲಿ ಇವು ಶೇ. 85 ಮತ್ತು ಹೆಚ್ಚೆಂದರೆ ಶೇ. 15. ನಿಮಗೆ ಯಾವ ಆದೇಶದ ಪ್ರಕಾರ ಲೆಕ್ಕ ಹಾಕಿದ್ದಾರೆ ಎಂದು ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಿ. ಮೊತ್ತ ಸಾಲದೆನಿಸಿದರೆ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 16(3)ರಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ವಿಷಯ ದೋಟಿಯದ್ದು, ಅಂದರೆ ನೆಲದಲ್ಲೇ ನಿಂತು ಮರದ ತುದಿ ಮುಟ್ಟುವ ಉದ್ದ ಕೋಲಿನದ್ದು. ಈಗ ಅಡಿಕೆ ಕೊನೆ ತೆಗೆಯಲು, ಬೋರ್ಡೋ ಮದ್ದು ಹೊಡೆಯಲು ಬಹಳ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ. 400 ಕೆವಿಯಲ್ಲಿ ತಂತಿ ಮುಟ್ಟಲೂ ಬೇಕಿಲ್ಲ, ಹತ್ತಿರ ಹೋದರೆ ಗಾಳಿಯಲ್ಲೇ ಹಾರುತ್ತದೆ. 46 ಮೀಟರ್ ಪಟ್ಟಿಯ ಆಚೆಯ ಮರಗಳು ಕ್ಷೇಮ ಎಂದುಕೊಂಡರೆ ತಪ್ಪು. ಪಟ್ಟಿಯ ಅಂಚು ಲೈನಿನ ನಡುಗೆರೆಯಿಂದ 23 ಮೀಟರ್, ಹೊರಗಿನ ತಂತಿ ನಡುಗೆರೆಯಿಂದ ಸುಮಾರು 8 ಮೀಟರ್. ಅಂಚಿನ ಮರದಿಂದ ತಂತಿಗೆ ಉಳಿಯುವುದು 15 ಮೀಟರ್. 18 ಮೀಟರಿನ ದೋಟಿ ಕೈತಪ್ಪಿ ಆ ಕಡೆ ವಾಲಿದರೆ, ತುದಿ ಅಷ್ಟು ದೂರ ಮುಟ್ಟುವಾಗ ನೆಲದಿಂದ 10 ಮೀಟರ್ ಮೇಲಿರುತ್ತದೆ. ತಂತಿ ಜೋತಿರುವುದೂ ಅಲ್ಲೇ. ಏಪ್ರಿಲಿನ ಮಧ್ಯಾಹ್ನ ಬಿಸಿಗೆ ತಂತಿ ಬೆಳಗ್ಗೆಗಿಂತ ಕೆಳಗೆ ಬಂದಿರುತ್ತದೆ, ಕಣ್ಣಳತೆ ನಂಬಬೇಡಿ. ಹೊರ ತಂತಿಯ 8, ದೋಟಿಯ 18, ಅಂತರದ 5.5 ಕೂಡಿಸಿದರೆ ನಡುಗೆರೆಯಿಂದ 31.5 ಮೀಟರ್. ಅಂದರೆ ಎರಡೂ ಬದಿಯಲ್ಲಿ ಪಟ್ಟಿಯಿಂದಾಚೆಗೆ ಎಂಟೂವರೆ ಮೀಟರ್, ಸುಮಾರು ಮೂರು ಸಾಲು ಅಡಿಕೆಗೆ ದೋಟಿ ಬಳಸುವ ಹಾಗಿಲ್ಲ. ಮರ ಹತ್ತುವವರನ್ನೇ ಕರೆಯಬೇಕು. ಈ ಮೂರು ಸಾಲಿನ ಹೆಚ್ಚುವರಿ ಕೂಲಿಯ ಲೆಕ್ಕವನ್ನೂ ಆಕ್ಷೇಪಣೆಯಲ್ಲಿ ಸೇರಿಸಿ. ಲೈನಿಗೆ ಕರೆಂಟ್ ಬಿಡುವ ಮೊದಲೇ ಆ ಮರಗಳಿಗೆ ಎದೆಯೆತ್ತರದಲ್ಲಿ ಕೆಂಪು ಬಣ್ಣದ ಪಟ್ಟಿ ಬಳಿಯಿರಿ, ಮದ್ದು ಬಿಡಲು ಹೊರಗಿನಿಂದ ಬರುವವರಿಗೆ ಅದೇನೆಂದು ದೋಟಿ ಜೋಡಿಸುವ ಮೊದಲು ಹೇಳಿ.