ಸಾಲ ಸಿಕ್ಕಿತೆಂದರೆ ಮನೆ ಕೈಗೆಟುಕಿತೆಂದಲ್ಲ

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಮಡಿಕೇರಿ, ವಿರಾಜಪೇಟೆಯ ಗೃಹಸಾಲದ ಮೇಜುಗಳ ಮುಂದೆ ಒಂದೇ ಪ್ರಶ್ನೆ ಬರುತ್ತದೆ: "ಮಗ ಬೆಂಗಳೂರಲ್ಲಿದ್ದಾನೆ. ಊರಾಚೆ ಫ್ಲ್ಯಾಟ್ ಅಗ್ಗಕ್ಕೆ ಸಿಗ್ತಿದೆ. ಎಷ್ಟು ಸಾಲ ಕೊಡ್ತಾರೆ?" ಪ್ರಶ್ನೆಯೇ ತಪ್ಪು. ಬ್ಯಾಂಕು ನೋಡುವುದು ಸಾಲ ವಾಪಸು ಬರುತ್ತದೆಯೇ ಎಂದು. ಕಂತು ಕಟ್ಟಿದ ಮೇಲೆ ಮಗ, ಸೊಸೆ ಹೇಗೆ ಬದುಕುತ್ತಾರೆ ಎಂಬ ಲೆಕ್ಕ ಮನೆಯವರೇ ಹಾಕಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇನ್ನೂ ಕಟ್ಟುತ್ತಿರುವ 55 ಲಕ್ಷದ ಫ್ಲ್ಯಾಟ್. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಶೇ. 80, ಅಂದರೆ 44 ಲಕ್ಷ ಸಾಲ, 11 ಲಕ್ಷ ಸ್ವಂತದ್ದು. ಎಲ್ಲರೂ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಹೋಗಿ ಶೇ. 2 ಆಗಿದೆ. ಇವೆರಡೇ 4.18 ಲಕ್ಷ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ. 5 ಜಿಎಸ್‌ಟಿ, 2.75 ಲಕ್ಷ. ಮುದ್ರಾಂಕ, ನೋಂದಣಿ ಖರ್ಚನ್ನು ಈ ಮೊತ್ತದ ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಹಾಗಾಗಿ 11 ಲಕ್ಷ ಎಂದುಕೊಂಡವರು ಹೊಂದಿಸಬೇಕಾದ್ದು ಸುಮಾರು 18 ಲಕ್ಷ. ಆ ಏಳು ಲಕ್ಷಕ್ಕೆ ವೈಯಕ್ತಿಕ ಸಾಲ ಮಾಡಿದರೆ ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ಇನ್ನು ತಿಂಗಳ ಲೆಕ್ಕ. ಶೇ. 8.5 ಬಡ್ಡಿಗೆ 20 ವರ್ಷದ ಅವಧಿಯಲ್ಲಿ ಪ್ರತಿ ಲಕ್ಷಕ್ಕೆ 868 ರೂಪಾಯಿ ಕಂತು; 44 ಲಕ್ಷಕ್ಕೆ 38,200ರ ಹತ್ತಿರ. ಕೈಗೆ 80 ಸಾವಿರ ಬರುವ ಹುಡುಗನಿಗೆ ಇದು ಶೇ. 48. ಬ್ಯಾಂಕು ಒಪ್ಪಬಹುದು. ಆದರೆ ಆಫೀಸು 25 ಕಿ.ಮೀ. ದೂರ. ಹೋಗಿ ಬರುವುದು 50, ತಿಂಗಳಿಗೆ 22 ದಿನ, 1,100 ಕಿ.ಮೀ. ಲೀಟರಿಗೆ 14 ಓಡುವ ಕಾರಿಗೆ 78 ಲೀಟರ್ ಪೆಟ್ರೋಲ್, ಲೀಟರಿಗೆ ನೂರೇ ಹಿಡಿದರೂ 7,800. ನಿರ್ವಹಣಾ ಶುಲ್ಕ ಚದರಡಿಗೆ ಮೂರೂವರೆ ರೂಪಾಯಿಯಂತೆ 1,200 ಚದರಡಿಗೆ 4,200. ಒಟ್ಟು 50,000 ದಾಟಿತು, ಶೇ. 63. ಮನೆ ಮತ್ತು ಓಡಾಟ ಎರಡೂ ಸೇರಿ ಆದಾಯದ ಶೇ. 45 ಮೀರಬಾರದು ಎಂಬುದು ವಸತಿ ಲೆಕ್ಕದಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ನಮ್ಮಲ್ಲಿ ಅದನ್ನು ಅಷ್ಟೇ ಬಿಗಿಯಾಗಿ ಹಿಡಿಯಬೇಕೆಂದಿಲ್ಲ, ಆದರೆ 63 ಯಾವ ಅಳತೆಗೂ ಒಗ್ಗದು. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆದರೆ ತಿಂಗಳಿಗೆ 66 ಗಂಟೆ, ಎಂಟು ದಿನದ ದುಡಿಮೆಯಷ್ಟು.

ಮನೆ ಅಗ್ಗವಾಗಿರಲಿಲ್ಲ. ಬೆಲೆಯ ಒಂದು ಪಾಲು ಪೆಟ್ರೋಲ್ ಬಂಕಿಗೂ ನೀರಿನ ಟ್ಯಾಂಕರಿಗೂ ವರ್ಗವಾಗಿತ್ತು, ಅಷ್ಟೆ. ಎಷ್ಟು ಸಲ ಹೇಳಿದರೂ ತಲೆಗೆ ಇಳಿಯದ ಮಾತು ಇದೊಂದೇ.

ನಗರವೂ ಇದೇ ತಪ್ಪು ಮಾಡುತ್ತದೆ. ಒಳಗಿನ ಮನೆ ದುಬಾರಿಯಾಗಿ ಜನ ಅಂಚಿಗೆ ಸರಿದಷ್ಟೂ ಕೊಳವೆ, ಒಳಚರಂಡಿ, ಬಸ್ಸು ಅವರ ಹಿಂದೆ ಓಡಬೇಕು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರಿನಲ್ಲಿ, 17 ವರ್ಷದ ನಂತರ. ನಮ್ಮ ತಲಕಾವೇರಿಯ ನೀರು ಅಲ್ಲಿಯ ನಲ್ಲಿಗೆ ತಲುಪುವ ಮುಂಚೆ ಎಷ್ಟೋ ಸಂಸಾರ ಟ್ಯಾಂಕರಿಗೆ ದುಡ್ಡು ಸುರಿದಿತ್ತು. ಇನ್ನು ರಾತ್ರಿ ಪಾಳಿಯ ನರ್ಸ್, ಬಸ್ ಚಾಲಕ, ಶಾಲೆಯ ಆಯಾ ಇವರು ಕೆಲಸದ ಹತ್ತಿರ ಬಾಡಿಗೆ ಕಟ್ಟಲಾಗದೆ ದೂರ ಹೋದರೆ, ಸ್ವಲ್ಪ ದಿನ ಹೇಗೋ ಓಡಾಡಿ ಆಮೇಲೆ ಕೆಲಸ ಬಿಡುತ್ತಾರೆ. ಆಸ್ಪತ್ರೆ ಮತ್ತೆ ಹೊಸಬರನ್ನು ಹುಡುಕಿ ತರಬೇತಿ ಕೊಡಬೇಕು. ದುಡಿಯುವವರಿಗೆ ಹತ್ತಿರದಲ್ಲಿ ಸೂರಿಲ್ಲದ ಊರು ಬಹುಕಾಲ ತೂಗುವುದಿಲ್ಲ.

ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಭಾನುವಾರ ಹೋಗಿ ನೋಡಬೇಡಿ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ಫ್ಲ್ಯಾಟಿನ ಬಾಗಿಲಿಂದ ಆಫೀಸಿನ ಬಾಗಿಲಿಗೆ ಬಸ್ಸಲ್ಲೇ ಹೋಗಿ. ಪಕ್ಕದ ಅಪಾರ್ಟ್‌ಮೆಂಟಿನ ಸಂಘದಲ್ಲಿ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಬಿಲ್ ಕೇಳಿ. ತೋಟದ ಆದಾಯ ನಂಬಿ ಕಂತು ಒಪ್ಪಿಕೊಳ್ಳುವುದಾದರೆ ಒಂದು ಮಾತು: ಕಾಫಿ ದುಡ್ಡು ವರ್ಷಕ್ಕೊಮ್ಮೆ, ಕಂತು ಪ್ರತಿ ತಿಂಗಳು. ಕನಿಷ್ಠ ಆರು ಕಂತಿನಷ್ಟು, ಅಂದರೆ 2.3 ಲಕ್ಷ ಪಕ್ಕಕ್ಕಿಡಲಾಗದಿದ್ದರೆ ಇನ್ನೊಂದು ಕೊಯ್ಲು ಕಾಯಿರಿ.

ಕೊಡಗಿನಲ್ಲೇ ಮನೆ ಕಟ್ಟುವವರಿಗೂ ಲೆಕ್ಕ ಬೇರೆಯಲ್ಲ. ತೋಟದ ಮಾಲೀಕರು ಕೆಲಸಗಾರರಿಗೆ ಕೊಡುವ ಲೈನ್ ಮನೆಯಲ್ಲಿ ಬೆಳೆದ ಮಕ್ಕಳ ಕಷ್ಟ ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಕೆಲಸ ಬಿಟ್ಟರೆ ಸೂರೂ ಹೋಗುವ ಬದುಕು. ಅಂಥವರು ಸ್ವಂತ ಸೂರಿಗೆ ಹೊರಟಾಗ ಪೇಟೆ ಹತ್ತಿರ ಸಮತಟ್ಟು ಜಾಗಕ್ಕೆ ದುಡ್ಡು ಸಾಲದೆ, ಕಡಿಮೆಗೆ ಸಿಕ್ಕ ಇಳಿಜಾರು ಸೈಟನ್ನು ಜೆಸಿಬಿಯಲ್ಲಿ ನೇರ ಕಡಿಸಿ ಬರೆಯ, ಅಂದರೆ ಕಡಿದ ಮಣ್ಣಿನ ಗೋಡೆಯ, ಬುಡದಲ್ಲಿ ಮನೆ ಎಬ್ಬಿಸುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತೆಂದು ಎಲ್ಲರಿಗೂ ಗೊತ್ತು. ಆಗ ಕುಸಿದದ್ದೆಲ್ಲ ಮನೆಗೆ ಕಡಿದ ಬರೆಯೇನಲ್ಲ, ಆದರೂ ನೇರ ಕಡಿದ ಮಣ್ಣು ಮಳೆನೀರು ಕುಡಿದು ಭಾರವಾದರೆ ಬುಡದಲ್ಲಿ ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ. ತಡೆಗೋಡೆ ಕಟ್ಟಿಸಿದರೂ ಅದರ ಬೆನ್ನಿಗೆ ಜಲ್ಲಿ ತುಂಬದೆ, ನೀರು ಹೊರಬರುವ ಪೈಪು ಇಡದೆ ಬಿಟ್ಟರೆ ನೀರಿನ ಒತ್ತಡಕ್ಕೇ ಗೋಡೆ ಉಬ್ಬುತ್ತದೆ. ಸೈಟಿನ ಬೆಲೆ ಕೇಳಿದ ದಿನವೇ ಎಂಜಿನಿಯರ್ ಒಬ್ಬರನ್ನು ಕರೆದು ಬರೆ ತೋರಿಸಿ, ತಡೆಗೋಡೆಯ ಅಂದಾಜು ಪಟ್ಟಿ ಬರೆಸಿಕೊಳ್ಳಿ. ಸೈಟಿನ ದರಕ್ಕೆ ಅದನ್ನು ಕೂಡಿಸಿದ ಮೇಲೆ ಪೇಟೆ ಹತ್ತಿರದ ಆ ಸಮತಟ್ಟು ಜಾಗದ ಮಾಲೀಕರ ಹತ್ತಿರ ಇನ್ನೊಮ್ಮೆ ಮಾತಾಡಿ.