ಡಿಸಾರ್ಡರ್ಲಿ ಕಂಡಕ್ಟ್ ಸಮನ್ಸ್ ಬಂದಿದೆ, ದಂಡ ಕಟ್ಟಿ ಮುಗಿಸಿಬಿಡಬಹುದೇ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಅಂಗಡಿಯೊಂದರ ಪಾರ್ಕಿಂಗ್ ಜಾಗದಲ್ಲಿ ನಮ್ಮ ಯಜಮಾನರಿಗೂ ಇನ್ನೊಬ್ಬರಿಗೂ ಮಾತಿಗೆ ಮಾತು ಬೆಳೆದು ತಳ್ಳಾಟವಾಯಿತು. ಪೊಲೀಸರು ಬಂದು ಡಿಸಾರ್ಡರ್ಲಿ ಕಂಡಕ್ಟ್ (ಸಾರ್ವಜನಿಕವಾಗಿ ಅಶಿಸ್ತಿನ ವರ್ತನೆ) ಎಂದು ಸಮನ್ಸ್, ಅಂದರೆ ಕೋರ್ಟಿಗೆ ಬರಬೇಕೆಂಬ ಚೀಟಿ, ಬರೆದುಕೊಟ್ಟರು. ಇವರು ಎಚ್‌-1ಬಿ ವೀಸಾದಲ್ಲಿದ್ದಾರೆ. ತಪ್ಪಾಯಿತೆಂದು ಒಪ್ಪಿಕೊಂಡು ದಂಡ ಕಟ್ಟಿ ಒಂದೇ ದಿನದಲ್ಲಿ ಮುಗಿಸಿಬಿಡಬಹುದೇ?

ಉತ್ತರ: ಕಾನೂನಿನ ಪ್ರಕಾರ ಮುಗಿಸಬಹುದು. ಆದರೆ ವಕೀಲರೊಬ್ಬರ ಹತ್ತಿರ ಮಾತಾಡುವವರೆಗೆ ದಯವಿಟ್ಟು ಹಾಗೆ ಮಾಡಬೇಡಿ. ಊರಿನಲ್ಲಿ ಪೆಟ್ಟಿ ಕೇಸ್ ಹಾಕಿಸಿಕೊಂಡವರು ದಂಡ ಕಟ್ಟಿ ಮನೆಗೆ ಬಂದು ಮರೆತುಬಿಡುತ್ತಾರೆ. ಆ ಅಭ್ಯಾಸವನ್ನು ಅಮೆರಿಕದಲ್ಲಿ, ಅದರಲ್ಲೂ ವೀಸಾದ ಮೇಲೆ ಇರುವಾಗ, ಬಿಡಬೇಕು. ಇಂಥ ಕೇಸಿನಲ್ಲಿ ಎಷ್ಟು ಡಾಲರ್ ಕಟ್ಟಿದಿರಿ ಅನ್ನುವುದು ಸಣ್ಣ ವಿಷಯ. ಕೇಸು ಮುಗಿದಾಗ ಕೋರ್ಟಿನ ದಾಖಲೆಯಲ್ಲಿ ಏನೆಂದು ಬರೆದಿದೆ ಅನ್ನುವುದೇ ಮುಂದೆ ವರ್ಷಗಟ್ಟಲೆ ಜೊತೆಗೆ ಬರುತ್ತದೆ.

ಎಡಿಸನ್ ಇರುವುದು ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ. ಕೌಂಟಿಯಲ್ಲಿ 25 ಊರುಗಳಿವೆ. ಹೆಚ್ಚುಕಡಿಮೆ ಎಲ್ಲ ಊರಿಗೂ ಸ್ವಂತದ್ದೋ, ಪಕ್ಕದ ಊರಿನ ಜೊತೆ ಹಂಚಿಕೊಂಡದ್ದೋ ಒಂದು ಮುನಿಸಿಪಲ್ ಕೋರ್ಟ್ ಇದೆ. ಗಲಾಟೆ ಯಾವ ಊರಿನ ಗಡಿಯೊಳಗೆ ನಡೆಯಿತೋ ಆ ಊರಿನ ಕೋರ್ಟಿಗೇ ಕೇಸು ಹೋಗುತ್ತದೆ. ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ಸುಪೀರಿಯರ್ ಕೋರ್ಟ್ ಮೇಲಿನದು, ಮೇಲ್ಮನವಿಗೆ ಮಾತ್ರ ಅಲ್ಲಿಗೆ ಹೋಗಬೇಕಾಗುತ್ತದೆ.

ನ್ಯೂಜೆರ್ಸಿ ಕಾನೂನಿನಲ್ಲಿ ಡಿಸಾರ್ಡರ್ಲಿ ಕಂಡಕ್ಟ್ ಅನ್ನುವುದು 'ಪೆಟ್ಟಿ ಡಿಸಾರ್ಡರ್ಲಿ ಪರ್ಸನ್ಸ್ ಅಫೆನ್ಸ್'. ಗರಿಷ್ಠ ಶಿಕ್ಷೆ 30 ದಿನ ಜೈಲು, 500 ಡಾಲರ್ ದಂಡ. ಅದರ ಮೇಲೆ ಸಂತ್ರಸ್ತರ ನಿಧಿಗೆ 50 ಡಾಲರ್, ಸುರಕ್ಷತಾ ನಿಧಿಗೆ 75 ಡಾಲರ್, ಕೋರ್ಟ್ ಖರ್ಚು 33 ಡಾಲರ್‌ವರೆಗೆ. ಮೊದಲ ಸಲದ ಸಣ್ಣ ತಳ್ಳಾಟಕ್ಕೆ ಜೈಲಿಗೆ ಕಳಿಸುವುದು ತೀರಾ ಅಪರೂಪ. ರಾಜ್ಯದ ಕಾನೂನೇ ಇದನ್ನು 'ಕ್ರೈಮ್' ಎಂದು ಕರೆಯುವುದಿಲ್ಲ. ಆದ್ದರಿಂದ ಜ್ಯೂರಿಯೂ ಇಲ್ಲ, ನ್ಯಾಯಾಧೀಶರೊಬ್ಬರೇ ಕೇಳಿ ತೀರ್ಮಾನಿಸುತ್ತಾರೆ. ಇಷ್ಟು ಓದಿದವರಿಗೆ ಅಬ್ಬಾ ಅನ್ನಿಸುವುದು ಸಹಜ. ಆದರೆ ವಲಸೆ ಇಲಾಖೆ ರಾಜ್ಯ ಇಟ್ಟ ಹೆಸರನ್ನು ನೋಡಿ ಸುಮ್ಮನಾಗುವುದಿಲ್ಲ.

ಫೆಡರಲ್ ವಲಸೆ ಕಾನೂನಿನಲ್ಲಿ ಶಿಕ್ಷೆಗೆ ('ಕನ್ವಿಕ್ಷನ್', ಅಂದರೆ ತಪ್ಪಿತಸ್ಥರೆಂಬ ತೀರ್ಮಾನಕ್ಕೆ) ಅದರದ್ದೇ ವ್ಯಾಖ್ಯೆ ಇದೆ. ತಪ್ಪೊಪ್ಪಿಕೊಂಡು, ಅದರ ಜೊತೆಗೆ ಯಾವುದೇ ದಂಡ ಅಥವಾ ನಿರ್ಬಂಧ ಬಿದ್ದಿದ್ದರೆ, ಕೋರ್ಟು ಮುಂದೆ ಕೇಸನ್ನೇ ವಜಾ ಮಾಡಿದರೂ ವಲಸೆಯ ಮಟ್ಟಿಗೆ ಅದನ್ನು ಶಿಕ್ಷೆಯೆಂದೇ ಎಣಿಸಬಹುದು. ಇಂಥ ಒಂದು ಸಣ್ಣ ಕೇಸಿನಿಂದಲೇ ಗಡೀಪಾರು ಆಗುವುದು ಸಾಮಾನ್ಯವಲ್ಲ, ಹೆದರಬೇಡಿ. ಆದರೆ ಮುಂದಿನ ಸಲ ಚೆನ್ನೈಗೋ ಹೈದರಾಬಾದಿಗೋ ವೀಸಾ ಸ್ಟ್ಯಾಂಪಿಂಗ್‌ಗೆ ಹೋಗುವ ಮುನ್ನ ತುಂಬುವ ಡಿಎಸ್‌-160 ಅರ್ಜಿ, ಯಾವತ್ತಾದರೂ ಬಂಧನವಾಗಿದೆಯೇ, ಶಿಕ್ಷೆಯಾಗಿದೆಯೇ ಎಂದು ಕೇಳುತ್ತದೆ. ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಆಳಕ್ಕಿಳಿದು ಪೊಲೀಸರು ಆರೋಪ ಹೊರಿಸಿದ್ದರೂ ಹೇಳು ಅನ್ನುತ್ತದೆ. ವಿದ್ಯಾರ್ಥಿಗಳಿಗಂತೂ 2025ರ ವಸಂತದಲ್ಲಿ ಆದದ್ದು ನೆನಪಿರಬೇಕು. ಸಣ್ಣಪುಟ್ಟ ಕೇಸುಗಳು, ಕೆಲವರದ್ದು ವಜಾ ಆದ ಕೇಸುಗಳು, ಪೊಲೀಸ್ ದತ್ತಾಂಶದಲ್ಲಿ ಕಂಡವು ಎಂಬ ಕಾರಣಕ್ಕೆ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಸರ್ಕಾರಿ ವ್ಯವಸ್ಥೆ) ದಾಖಲೆಯನ್ನು ಸರ್ಕಾರ ರದ್ದು ಮಾಡಿತು. ಕೋರ್ಟುಗಳಲ್ಲಿ ದಾವೆಗಳ ಮೇಲೆ ದಾವೆ ಬಿದ್ದ ನಂತರ ಅವನ್ನು ಮತ್ತೆ ಜಾರಿಗೆ ತಂದರು.

ಈಗ ಕೋರ್ಟಿನೊಳಗೆ ಏನಾಗುತ್ತದೆ ನೋಡೋಣ. ಸಮನ್ಸಿನಲ್ಲಿ ಬರೆದ ದಿನ ಹಾಜರಾಗಲೇಬೇಕು. ಕೆಲವು ವಾಯಿದೆಗಳು ವಿಡಿಯೋದಲ್ಲೇ ನಡೆಯುತ್ತವೆ, ಅದು ನೋಟಿಸಿನಲ್ಲಿರುತ್ತದೆ. ತಪ್ಪಿಸಿಕೊಂಡರೆ ವಾರಂಟ್ ಹೊರಡಬಹುದು. ಮೊದಲ ದಿನ ನ್ಯಾಯಾಧೀಶರು ಹಕ್ಕುಗಳನ್ನು ಓದಿ ಹೇಳಿ, ಒಪ್ಪುತ್ತೀರೋ ಇಲ್ಲವೋ ಎಂದು ಕೇಳುತ್ತಾರೆ. ಆವತ್ತು 'ನಾಟ್ ಗಿಲ್ಟಿ' ಎಂದು ಹೇಳಿ ವಕೀಲರಿಗಾಗಿ ಸಮಯ ಕೇಳುವುದು ಉದ್ಧಟತನವಲ್ಲ, ಎಲ್ಲರೂ ಮಾಡುವ ಕ್ರಮ. ವಕೀಲರ ಫೀಸು ಕೈಗೆಟುಕದಿದ್ದರೆ ಮುನಿಸಿಪಲ್ ಪಬ್ಲಿಕ್ ಡಿಫೆಂಡರ್‌ಗೆ, ಅಂದರೆ ಊರಿನ ಆಡಳಿತ ನೇಮಿಸಿದ ವಕೀಲರಿಗೆ, ಅರ್ಜಿ ಹಾಕಬಹುದು. ಅರ್ಜಿ ಶುಲ್ಕ 200 ಡಾಲರ್ ಮೀರುವಂತಿಲ್ಲ, ನ್ಯಾಯಾಧೀಶರು ಮನ್ನಾ ಮಾಡಲೂಬಹುದು. ಆಮೇಲೆ ವಕೀಲರು ಪೊಲೀಸ್ ವರದಿ, ಬಾಡಿ ಕ್ಯಾಮೆರಾ ದೃಶ್ಯ, ಇದ್ದರೆ ಅಂಗಡಿಯ ಸಿಸಿ ಕ್ಯಾಮೆರಾ ದೃಶ್ಯ ತರಿಸಿಕೊಳ್ಳುತ್ತಾರೆ. ಪಾರ್ಕಿಂಗ್ ಜಗಳಗಳಲ್ಲಿ ಮೊದಲು ಕೈ ಮಾಡಿದವರು ಯಾರು ಎಂಬುದು ಬಹಳ ಸಲ ಅಲ್ಲೇ ಗೊತ್ತಾಗುತ್ತದೆ.

ನಿಜವಾದ ಮಾತುಕತೆ ನಡೆಯುವುದು ಪ್ರಾಸಿಕ್ಯೂಟರ್, ಅಂದರೆ ಕೇಸು ನಡೆಸುವ ಸರ್ಕಾರಿ ವಕೀಲರ, ಹತ್ತಿರ. ಇಂಥ ಕೇಸುಗಳಲ್ಲಿ ಬಹಳಷ್ಟು ಪೂರ್ತಿ ವಿಚಾರಣೆಗೇ ಹೋಗದೆ ಅಲ್ಲೇ ಇತ್ಯರ್ಥವಾಗುತ್ತವೆ. ದೂರು ಕೊಟ್ಟವರು ಪೊಲೀಸರಲ್ಲದೆ ಎದುರು ಪಾರ್ಟಿಯೇ ಆಗಿದ್ದು, ವಾಯಿದೆಗೆ ಅವರು ಬರದೇ ಹೋದರೆ, ಒಂದೆರಡು ಸಲ ಮುಂದೂಡಿ ವಜಾ ಆಗುವುದುಂಟು. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಕೊಟ್ಟಿದ್ದರೆ ಇಬ್ಬರೂ ಹಿಂತೆಗೆದುಕೊಳ್ಳುವ ದಾರಿಯಿದೆ. ನೆರೆಹೊರೆಯ ಜಗಳಗಳನ್ನು ಕೋರ್ಟೇ ಮಧ್ಯಸ್ಥಿಕೆಗೆ ಕಳಿಸುತ್ತದೆ. ಸಮನ್ಸ್ ಕೊಟ್ಟವರು ಪೊಲೀಸರೇ ಆಗಿದ್ದರೆ ಮಾತ್ರ ಎದುರಿನವರು ಕ್ಷಮಿಸಿದರೂ ಕೇಸು ತಾನಾಗಿ ಬಿದ್ದುಹೋಗುವುದಿಲ್ಲ.

ಆಗ ಸಾಮಾನ್ಯವಾಗಿ ಮುಂದೆ ಬರುವ ಪ್ರಸ್ತಾಪ: ಆರೋಪವನ್ನು ಊರಿನ ಆರ್ಡಿನೆನ್ಸ್ (ಸ್ಥಳೀಯ ಆಡಳಿತದ ನಿಯಮ) ಉಲ್ಲಂಘನೆಗೆ ಇಳಿಸುವುದು, ಉದಾಹರಣೆಗೆ ಶಾಂತಿಭಂಗ ಅಥವಾ ಗದ್ದಲ. ಇಲ್ಲಿ ಬಹಳ ಜನ ಎಡವುತ್ತಾರೆ. ಆರ್ಡಿನೆನ್ಸ್‌ಗೆ ದಂಡ 2,000 ಡಾಲರ್‌ವರೆಗೂ ಇರಬಹುದು. ಅದನ್ನು ಕೇಳಿದ ಕೂಡಲೇ, ಮೂಲ ಆರೋಪವನ್ನೇ ಒಪ್ಪಿಕೊಂಡರೆ ಕಡಿಮೆಯಲ್ಲೇ ಮುಗಿಯುತ್ತದಲ್ಲ ಎಂದು ಲೆಕ್ಕ ಹಾಕಿಬಿಡುತ್ತಾರೆ. ನಾಲ್ಕು ಕಾಸು ಜಾಸ್ತಿ ಹೋದರೂ ಹಗುರವಾದ ದಾಖಲೆಯೇ ಲಾಭ. ಆರ್ಡಿನೆನ್ಸ್ ಉಲ್ಲಂಘನೆಯನ್ನು 2 ವರ್ಷದ ನಂತರ ಎಕ್ಸ್‌ಪಂಜ್, ಅಂದರೆ ದಾಖಲೆಯಿಂದ ತೆಗೆಸಬಹುದು. ಡಿಸಾರ್ಡರ್ಲಿ ಕಂಡಕ್ಟ್‌ಗೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿಯ ಕಣ್ಣಿಗೂ ಎರಡೂ ಒಂದೇ ಅಲ್ಲ.

ಏನನ್ನೇ ಒಪ್ಪಿಕೊಂಡರೂ ನ್ಯಾಯಾಧೀಶರು ಬಾಯಿಬಿಟ್ಟು ಹೇಳಿಸುತ್ತಾರೆ. ನೀವು ಏನು ಮಾಡಿದಿರಿ, ಎಲ್ಲಿ, ಯಾರ ಮುಂದೆ ಎಂದು ಪ್ರಶ್ನೆಗಳು ಬರುತ್ತವೆ. ನಮ್ಮವರು ಅಲ್ಲಿ ನಿಂತು, "ನಾನೇನೂ ಮಾಡಲಿಲ್ಲ ಸರ್, ಅವರೇ ಮೊದಲು ತಳ್ಳಿದ್ದು, ಆದರೂ ಒಪ್ಪಿಕೊಳ್ಳುತ್ತೇನೆ" ಅಂದರೆ ಒಪ್ಪಿಗೆಯನ್ನೇ ಸ್ವೀಕರಿಸದೆ ಕೇಸನ್ನು ವಿಚಾರಣೆಗೆ ಇಡಬಹುದು. ಹೆಚ್ಚು ಹೇಳಿದರೂ ಕಷ್ಟ: ರೆಕಾರ್ಡ್ ಆಗುವ ಆ ಮಾತುಗಳನ್ನು ಎದುರಿನವರು ನಷ್ಟ ಪರಿಹಾರದ ಸಿವಿಲ್ ದಾವೆಯಲ್ಲಿ ಬಳಸಬಹುದು. ಅದಕ್ಕೇ ವಕೀಲರು 'ಸಿವಿಲ್ ರಿಸರ್ವೇಶನ್' ಕೇಳುತ್ತಾರೆ. ಕೋರ್ಟು ಅದಕ್ಕೆ ಒಪ್ಪಿದರೆ ಆ ತಪ್ಪೊಪ್ಪಿಗೆಯನ್ನು ಸಿವಿಲ್ ಕೇಸಿನಲ್ಲಿ ಸಾಕ್ಷ್ಯವಾಗಿ ಎತ್ತುವಂತಿಲ್ಲ.

ಇನ್ನೊಂದು ದಾರಿ 2014ರ ಜನವರಿಯಿಂದ ಜಾರಿಯಲ್ಲಿರುವ ಕಂಡಿಷನಲ್ ಡಿಸ್ಮಿಸಲ್, ಅಂದರೆ ಷರತ್ತಿನ ಮೇಲೆ ವಜಾ. ಹಿಂದೆ ಯಾವ ಕೇಸೂ ಇಲ್ಲದವರು ಬೆರಳಚ್ಚು ಕೊಟ್ಟು ಅರ್ಜಿ ಹಾಕಿ, ಒಂದು ವರ್ಷ ಮತ್ತೊಂದು ಕೇಸು ಮೈಮೇಲೆ ಎಳೆದುಕೊಳ್ಳದೆ ಇದ್ದರೆ ಆರೋಪ ವಜಾ ಆಗುತ್ತದೆ; 6 ತಿಂಗಳ ನಂತರ ದಾಖಲೆಯನ್ನೂ ತೆಗೆಸಬಹುದು. ಜೀವನದಲ್ಲಿ ಒಂದೇ ಸಲ ಸಿಗುವ ಅವಕಾಶ. ಅಮೆರಿಕದ ಪ್ರಜೆಗೆ ಇದು ಒಳ್ಳೆಯ ದಾರಿ. ಆದರೆ ಇದಕ್ಕೆ ಸೇರಬೇಕಾದರೆ ಮೊದಲು ತಪ್ಪೊಪ್ಪಿಕೊಳ್ಳಬೇಕು ಅಥವಾ ಕೋರ್ಟು ತಪ್ಪಿತಸ್ಥರೆಂದು ಹೇಳಿರಬೇಕು. ಮೇಲೆ ಹೇಳಿದ ವಲಸೆ ಕಾನೂನಿನ ವ್ಯಾಖ್ಯೆ ಹಿಡಿಯುವುದು ಅಲ್ಲಿಯೇ. ಪ್ರಾಸಿಕ್ಯೂಟರ್ ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೊಡಲು ಬಂದರೂ, ವೀಸಾದವರು ವಲಸೆ ವಕೀಲರನ್ನು ಕೇಳದೆ ಇದಕ್ಕೆ ಸಹಿ ಹಾಕಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ತಪ್ಪೊಪ್ಪಿಗೆಯ ವಲಸೆ ಪರಿಣಾಮವನ್ನು ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಸಂಕೋಚವಿಲ್ಲದೆ ಕೇಳಿ.

ವಿಚಾರಣೆ ನಡೆದರೆ, ಸಾರ್ವಜನಿಕರಿಗೆ ತೊಂದರೆಯಾಗಲಿ ಎಂಬ ಉದ್ದೇಶವೋ, ಆದರೂ ಆಗಲಿ ಬಿಡು ಎಂಬ ಬೇಜವಾಬ್ದಾರಿಯೋ ಇತ್ತೆಂದು ಪ್ರಾಸಿಕ್ಯೂಟರ್ ಸಾಬೀತು ಮಾಡಬೇಕು. ತಡೆಯಲು ಕೈ ಅಡ್ಡ ಹಿಡಿದದ್ದು, ಆತ್ಮರಕ್ಷಣೆ, ಇವೆಲ್ಲ ಅಲ್ಲಿ ನಿಲ್ಲುವ ವಾದಗಳು. ಸೋತರೆ 20 ದಿನದೊಳಗೆ ನ್ಯೂ ಬ್ರನ್ಸ್‌ವಿಕ್‌ನ ಸುಪೀರಿಯರ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿನ ನ್ಯಾಯಾಧೀಶರು ಅದೇ ದಾಖಲೆಯನ್ನು ಹೊಸದಾಗಿ ಓದಿ ತಮ್ಮದೇ ತೀರ್ಮಾನ ಕೊಡುತ್ತಾರೆ.

ಕೇಸು ಹೇಗೇ ಮುಗಿಯಲಿ, ಕೋರ್ಟ್ ಕಚೇರಿಯಿಂದ ಮೊಹರು ಹಾಕಿದ ಸರ್ಟಿಫೈಡ್ ಡಿಸ್ಪೊಸಿಷನ್ (ಕೇಸು ಹೇಗೆ ಮುಗಿಯಿತೆಂಬ ದೃಢೀಕೃತ ದಾಖಲೆ) ಪ್ರತಿಗಳನ್ನು ಕೂಡಲೇ ತೆಗೆದುಕೊಳ್ಳಿ. ದಾಖಲೆ ಎಕ್ಸ್‌ಪಂಜ್ ಮಾಡಿಸುವ ಯೋಚನೆಯಿದ್ದರೆ ಅದಕ್ಕೂ ಮುಂಚೆಯೇ ತೆಗೆದುಕೊಳ್ಳಬೇಕು, ಆಮೇಲೆ ಸಿಗುವುದು ಕಷ್ಟ. ರಾಜ್ಯದ ದಾಖಲೆಯಿಂದ ಕೇಸು ಹೋದರೂ ವಲಸೆ ಅರ್ಜಿಯಲ್ಲಿ ಅದನ್ನು ಹೇಳಲೇಬೇಕು. ಹೇಳಿದ ಮೇಲೆ ಅಧಿಕಾರಿ ಕೇಳುವುದು ಈ ಕಾಗದವನ್ನೇ.